ರಾಶೋಮನ್ ಚಿತ್ರವೂ ಹೆಗ್ಗೋಡಿನ ಪ್ರೇಕ್ಷಕರೂ



ಒಳ್ಳೆಯ ಕೃತಿಯೊಂದು ಬಂದಾಗಲೆಲ್ಲ ‘ಇದು ಸಾಮಾನ್ಯ ಜನರಿಗೆ ತಿಳಿಯುವುದಿಲ್ಲ’ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಈ ಮಾತು ಎಷ್ಟು ಪೊಳ್ಳೆಂಬುದಕ್ಕೆ ನಮ್ಮ ಕರ್ನಾಟಕದಲ್ಲಿಯೇ ಒಂದು ನಿದರ್ಶನವಿದೆ. ಇಂದು ಅದನ್ನು ಕುರಿತು ಬರೆಯುತ್ತಿದ್ದೇನೆ.

ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನು ಇನ್ನೂ ಮಿತ್ರರಾಷ್ಟ್ರಗಳ ಸೇನೆಯ ಅಧೀನದಲ್ಲಿದ್ದಾಗ, 1950ರಲ್ಲಿ, ಅಕಿರಾ ಕುರೊಸಾವಾ ‘ರಾಶೋಮನ್’ ಎಂಬ ಚಿತ್ರವನ್ನು ನಿರ್ದೇಶಿಸಿದರು. ಅಕುತಾಗಾವಾ ಎಂಬ ಕಥೆಗಾರನ ಎರಡು ಸಣ್ಣಕಥೆಗಳು ಅದಕ್ಕೆ ಆಧಾರ. ಕಾಡಿನಲ್ಲಿ ಒಬ್ಬ ಸಮುರಾಯ್ ಯೋಧ ಸತ್ತುಬಿದ್ದಿದ್ದಾನೆ. ದರೋಡೆಕೋರ, ಯೋಧನ ಹೆಂಡತಿ, ಮಾಧ್ಯಮಳೊಬ್ಬಳ ಮೈಮೇಲೆ ಬಂದು ನುಡಿಯುವ ಮೃತನ ಆತ್ಮ, ಕಟ್ಟಿಗೆ ಕಡಿಯುವವ, ಹೀಗೆ ನಾಲ್ವರು ಆ ಸಾವನ್ನು ನಾಲ್ಕು ರೀತಿಯಲ್ಲಿ ಹೇಳುತ್ತಾರೆ. ದರೋಡೆಕೋರನು ತಾನೇ ಸೆಣಸಿ ಕೊಂದೆನೆನ್ನುತ್ತಾನೆ; ಮೃತನು ತಾನೇ ಇರಿದುಕೊಂಡೆನೆನ್ನುತ್ತಾನೆ. ಶಿಕ್ಷೆಯಿಂದ ಪಾರಾಗಲು ಸುಳ್ಳಾಡುವವರನ್ನು ನಾವು ಬಲ್ಲೆವು. ಇವರಾದರೋ ತಮ್ಮ ಮಾನವನ್ನು ಉಳಿಸಿಕೊಳ್ಳಲು ಸುಳ್ಳಾಡುತ್ತಾರೆ!

ಈ ಚಿತ್ರಕಥೆ ತಮಗೆ ಅರ್ಥವಾಗಲಿಲ್ಲವೆಂದು ಕುರೊಸಾವಾರ ಸಹಾಯಕ ನಿರ್ದೇಶಕರೇ ಅವರ ಬಳಿ ಹೋಗಿ ಹೇಳಿದ್ದರು. ನಿರ್ಮಾಣ ಸಂಸ್ಥೆಯ ಮುಖ್ಯಸ್ಥರಿಗೂ ಚಿತ್ರ ಹಿಡಿಸಿರಲಿಲ್ಲ. ಆದರೆ 1951ರಲ್ಲಿ ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಸುವರ್ಣ ಸಿಂಹ ಅದಕ್ಕೆ ದೊರೆಯಿತು. ಜಗತ್ತಿನ ಕಣ್ಣು ಜಪಾನಿನ ಸಿನೆಮಾದತ್ತ ತಿರುಗಿತು.

ಇನ್ನು ನಮ್ಮ ನಾಡಿಗೆ ಬರೋಣ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹೆಗ್ಗೋಡು ಅಡಕೆ ತೋಟಗಳ ನಡುವಿನ ಒಂದು ಚಿಕ್ಕ ಊರು. ಅಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯು ಕೆ.ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರರು ಬಂದು ಚಿತ್ರವನ್ನು ನೋಡುವ ಬಗೆಯನ್ನು ಕಲಿಸಿದರು. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪಿ.ಕೆ. ನಾಯರ್ ಅವರು ಚಿತ್ರಸುರುಳಿಗಳನ್ನು ಒದಗಿಸಿದರು. ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’, ‘ರಾಶೋಮನ್’ ಮುಂತಾದ ಚಿತ್ರಗಳನ್ನು ಹಳ್ಳಿಯ ಜನ ಕುಳಿತು ನೋಡಿದರು, ಚರ್ಚಿಸಿದರು. ರೈತರಿಗೆ ಜಪಾನಿನ ಚಿತ್ರವೇ ಎಂದು ಹುಬ್ಬೇರಿಸಿದವರಿಗೆ ಆ ಪ್ರೇಕ್ಷಕರೇ ಉತ್ತರವಾದರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹೆಗ್ಗೋಡಿನ ಹೆಸರು ಏಷ್ಯಾ ಖಂಡಕ್ಕೆಲ್ಲ ತಿಳಿಯಿತು.

ಇದು ಹೇಗೆ ಸಾಧ್ಯವಾಯಿತು? ನನಗೆ ತೋರುವ ಕಾರಣವಿದು. ಮಲೆನಾಡು, ಕರಾವಳಿಗಳ ಜನ ತಲೆತಲಾಂತರದಿಂದ ತಾಳಮದ್ದಲೆಯನ್ನು ಕೇಳಿಕೊಂಡು ಬಂದವರು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ. ವಾಲಿವಧೆಯ ಪ್ರಸಂಗದಲ್ಲಿ ಬಾಣ ತಾಗಿ ಬಿದ್ದ ವಾಲಿಯು ಶ್ರೀರಾಮನನ್ನೇ ಪ್ರಶ್ನಿಸುತ್ತಾನೆ. ಅರ್ಥಧಾರಿ ಸಮರ್ಥನಾದರೆ ಕೇಳುಗರ ಮನಸ್ಸು ಒಮ್ಮೆ ಅವನತ್ತ, ಒಮ್ಮೆ ರಾಮನತ್ತ ವಾಲುತ್ತದೆ. ಒಂದೇ ಘಟನೆಗೆ ಎರಡು ನ್ಯಾಯಗಳನ್ನು ಕೇಳಿ ತೂಗಿ ನೋಡುವುದು ಅವರಿಗೆ ಹೊಸದಲ್ಲ. ಸತ್ತವನು ಮೈಮೇಲೆ ಬಂದು ನುಡಿಯುವುದಂತೂ ನಮ್ಮ ಯಾವ ಹಳ್ಳಿಗೂ ವಿಚಿತ್ರವೆನಿಸದು. ಭಾಷೆ ಪರಕೀಯವಾಗಿದ್ದರೂ ಕಥೆಯ ಮರ್ಮ ಅವರಿಗೆ ಪರಿಚಿತವೇ ಆಗಿತ್ತು.

ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು ಕುರೊಸಾವಾರ ಸಮುರಾಯ್ ಚಿತ್ರಗಳಿಂದ ಸ್ಫೂರ್ತಿ ಪಡೆದು 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ಚಿತ್ರವನ್ನು ನಿರ್ದೇಶಿಸಿದರು. ಶಂಕರ್‌ನಾಗ್ ತೆರೆಗೆ ಬಂದದ್ದು ಅದರಿಂದಲೇ. 2014ರ ‘ಉಳಿದವರು ಕಂಡಂತೆ’ ಚಿತ್ರವೂ ಹಲವರು ಕಂಡಂತೆ ಒಂದು ಕಥೆಯನ್ನು ಹೇಳುತ್ತದೆ.

ಇತಿಹಾಸದ ಮೇಷ್ಟ್ರಾದ ನನಗೆ ‘ರಾಶೋಮನ್’ ಇನ್ನೊಂದು ಕಾರಣಕ್ಕೂ ಪ್ರಿಯ. 1858ರಲ್ಲಿ ನರಗುಂದದ ಬಾಬಾಸಾಹೇಬರ ಕಡೆಯವರು ಬ್ರಿಟಿಷ್ ಅಧಿಕಾರಿ ಮ್ಯಾನ್‌ಸನ್ನನನ್ನು ಸುರೇಬಾನದಲ್ಲಿ ಕೊಂದರು. ಆಳುವವರ ಕಾಗದಪತ್ರಗಳಲ್ಲಿ ಅದು ರಾಜದ್ರೋಹ, ಕೊಲೆ. ನಮ್ಮ ಜನರ ನೆನಪಿನಲ್ಲಿ ಅದು ಬಂಡಾಯ, ಶೌರ್ಯ. ಹಾಗೆಂದು ಸತ್ಯವೇ ಇಲ್ಲವೆಂದು ಕೈಚೆಲ್ಲಬಾರದು. ಸುರೇಬಾನದಲ್ಲಿ ಒಬ್ಬ ಮನುಷ್ಯ ಸತ್ತದ್ದು ನಿಜ. ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದೂ ನಿಜ. ಪ್ರತಿಯೊಬ್ಬ ಸಾಕ್ಷಿಯ ಮಾತನ್ನೂ ಕೇಳಬೇಕು, ಅವನಿಗೆ ಅದರಿಂದೇನು ಲಾಭವೆಂದು ವಿಚಾರಿಸಬೇಕು. ಚಿತ್ರದಲ್ಲಿ ಕಟ್ಟಿಗೆಯವನೂ ಒಂದು ಕಠಾರಿಯ ಸಂಗತಿಯನ್ನು ಮುಚ್ಚಿಟ್ಟವನೇ. ಆದರೂ ಕೊನೆಗೆ ಹೆತ್ತವರು ಬಿಟ್ಟುಹೋದ ಹಸುಗೂಸನ್ನು ಎತ್ತಿಕೊಂಡು ಮನೆಗೆ ನಡೆಯುವವನು ಅವನೇ. ಸುಳ್ಳಾಡಿದವನಲ್ಲಿಯೂ ಕರುಣೆ ಇರಬಲ್ಲುದೆಂದು ಕುರೊಸಾವಾ ನಂಬಿದರು.

ಇಂದು ಅಂಗೈಯೊಳಗಿನ ಫೋನಿನಲ್ಲಿಯೇ ಜಗತ್ತಿನ ಚಿತ್ರಗಳೆಲ್ಲ ದೊರೆಯುತ್ತವೆ. ಎಂಬತ್ತೆಂಟು ನಿಮಿಷಗಳ ಈ ಚಿತ್ರವನ್ನು ಮನೆಮಂದಿ ಒಟ್ಟಿಗೆ ಕುಳಿತು ನೋಡಿರಿ. ಮುಗಿದ ಮೇಲೆ ಹೆಗ್ಗೋಡಿನವರಂತೆ ಮಾತನಾಡಿರಿ. ‘ಮಕ್ಕಳಿಗೆ ತಿಳಿಯುವುದಿಲ್ಲ’, ‘ಅಜ್ಜಿಗೆ ತಿಳಿಯುವುದಿಲ್ಲ’ ಎಂದು ಮೊದಲೇ ತೀರ್ಮಾನಿಸಬೇಡಿರಿ. ಬಹುಶಃ ಎಲ್ಲರಿಗಿಂತ ಚೆನ್ನಾಗಿ ತಿಳಿಯುವುದು ಅವರಿಗೇ.