ಭತ್ತದ ಬೆನ್ನು ಹತ್ತಿ ಒಂದು ನಡಿಗೆ

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಭದ್ರಾ ನಾಲೆಯ ನೀರನ್ನು ನಂಬಿದ ಸೀಮೆ. ಕೃಷಿ ಸಂಶೋಧನಾ ಕೇಂದ್ರದಿಂದಾಗಿ ರೈತರಿಗೆ ಪರಿಚಿತವಾದ ಊರು. ಸುಗ್ಗಿಯ ದಿನಗಳಲ್ಲಿ ಇಲ್ಲಿಂದ ಭತ್ತದ ಚೀಲಗಳನ್ನು ಹೊತ್ತು ಹೊರಡುವ ಲಾರಿಗಳನ್ನು ಕಂಡಾಗಲೆಲ್ಲ, ಈ ಕಾಳು ಕೊನೆಗೆ ಯಾರ ತಟ್ಟೆಯನ್ನು ಸೇರುತ್ತದೆಯೋ ಎಂಬ ಕುತೂಹಲ ನನ್ನಲ್ಲಿ ಮೂಡುತ್ತಿತ್ತು. ಹಾಗಾಗಿ ಒಂದು ಶನಿವಾರ ನಾಲ್ಕಾರು ಯುವಕರೊಂದಿಗೆ ದಾವಣಗೆರೆಗೆ ಹೋಗಿ, ಹಳೆಯ ಪೇಟೆಯನ್ನು ಕಾಲ್ನಡಿಗೆಯಲ್ಲೇ ಸುತ್ತಿದೆವು. ವಾಹನದಲ್ಲಿ ಕುಳಿತು ನೋಡಿದರೆ ನಗರದ ಅಂಗಡಿಗಳು ಕಾಣುತ್ತವೆ. ನಡೆದರೆ ಅದರ ಅಡುಗೆಮನೆಯ ವಾಸನೆ ತಿಳಿಯುತ್ತದೆ.

ಮೊದಲು ಬೆಣ್ಣೆ ದೋಸೆ. ದಾವಣಗೆರೆ ಎಂದೊಡನೆ ನಾಡಿನವರೆಲ್ಲರಿಗೂ ನೆನಪಾಗುವುದು ಇದೇ. ಆದರೆ ಇದು ಈ ಊರಿನಲ್ಲಿ ಅನಾದಿಯಿಂದ ಇದ್ದ ತಿನಿಸಲ್ಲ. ಊರಿನವರು ಹೇಳುವಂತೆ, 1928ರ ಸುಮಾರಿಗೆ ಚೆನ್ನಮ್ಮ ಎಂಬ ತಾಯಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದರು. ವಸಂತ ಟಾಕೀಸಿನ ಬಳಿ ಇದ್ದ ನಾಟಕ ಥಿಯೇಟರಿನ ಎದುರು ಒಲೆ ಹೂಡಿ, ಬೆಣ್ಣೆ ಸವರಿದ ರಾಗಿ ದೋಸೆ ಮಾರತೊಡಗಿದರು. ಹತ್ತು ವರ್ಷಗಳ ನಂತರ, 1938ರ ಹೊತ್ತಿಗೆ, ಅವರ ಮಕ್ಕಳು ರಾಗಿಯನ್ನು ಬಿಟ್ಟು ಅಕ್ಕಿ, ಉದ್ದಿನಬೇಳೆ, ಮಂಡಕ್ಕಿಗಳನ್ನು ಸೇರಿಸಿ ಹಿಟ್ಟು ರುಬ್ಬಿದರಂತೆ. ಅದೇ ಇಂದಿನ ಬೆಣ್ಣೆ ದೋಸೆ. ಹತ್ತಿ ಗಿರಣಿಗಳು ತಲೆ ಎತ್ತುತ್ತಿದ್ದ, ದಾವಣಗೆರೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಪಡೆಯಲಿದ್ದ ಕಾಲವದು. ಪಾಳಿ ಮುಗಿಸಿ ಬರುವ ಕೂಲಿಕಾರರಿಗೆ, ಮಂಡಿಪೇಟೆಯ ಹಮಾಲರಿಗೆ ಕಡಿಮೆ ಕಾಸಿನಲ್ಲಿ ಹೊಟ್ಟೆ ತುಂಬುವ ತಿಂಡಿ ಬೇಕಿತ್ತು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ದೋಸೆಯ ಕಾವಲಿ ಮಾತ್ರ ಆರಲಿಲ್ಲ.

ನಮ್ಮ ಯುವಕನೊಬ್ಬ ಎರಡನೆಯ ದೋಸೆಗೆ ಕೈ ಹಾಕುತ್ತಾ, “ಫಾದರ್, ಹಾಗಾದರೆ ಇದು ದಾವಣಗೆರೆಯದ್ದಲ್ಲವೇ?” ಎಂದು ಕೇಳಿದ. ನನಗೆ ಆಗ ನೆನಪಾದದ್ದು ಗ್ರೀಸ್ ದೇಶದ ಥೆಸಲೋನಿಕ ನಗರ. ಸಂತ ಪೌಲರ ಪತ್ರಗಳಿಂದ ನಮಗೆಲ್ಲ ಪರಿಚಿತವಾದ ಹೆಸರು. ಅಲ್ಲಿ ಅವರು ಯಾರಿಗೂ ಹೊರೆಯಾಗದೆ ಕೈಯಾರೆ ದುಡಿದು ಉಂಡರೆಂಬುದನ್ನೂ ಬಲ್ಲೆವು. ಇಂದು ಆ ನಗರದಲ್ಲಿ ಪ್ರವಾಸಿಗರನ್ನು ಕಾಲ್ನಡಿಗೆಯಲ್ಲಿ ಕರೆದೊಯ್ದು ಸಾಂಪ್ರದಾಯಿಕ ತಿನಿಸುಗಳನ್ನು ಪರಿಚಯಿಸುವ ರೂಢಿಯಿದೆ. ಎಳ್ಳು ಮೆತ್ತಿದ ಬಳೆಯಾಕಾರದ ರೊಟ್ಟಿ ಕುಲೂರಿ, ತೆಳುಹಾಳೆಯಂಥ ಹಿಟ್ಟಿನೊಳಗೆ ಸಿಹಿ ಹೂರಣವನ್ನೋ ಚೀಸನ್ನೋ ತುಂಬಿದ ಬುಗಾತ್ಸ ಅಲ್ಲಿ ಪ್ರಸಿದ್ಧ. ಈ ಬುಗಾತ್ಸವನ್ನು ಅಲ್ಲಿ ಮನೆಮಾತಾಗಿಸಿದವರು ನಿರಾಶ್ರಿತರು. 1923ರಲ್ಲಿ ಗ್ರೀಸ್ ಮತ್ತು ತುರ್ಕಿಗಳ ನಡುವೆ ಜನರ ವಿನಿಮಯದ ಒಪ್ಪಂದವಾದಾಗ, ಅದಕ್ಕೆ ಮೊದಲೇ ಓಡಿಬಂದವರೂ ಸೇರಿ ಸುಮಾರು 12 ಲಕ್ಷ ಜನ ಮನೆಮಠ ಕಳೆದುಕೊಂಡು ಗ್ರೀಸನ್ನು ಸೇರಿದರು. ಅವರಲ್ಲಿ ಅನೇಕರು ನೆಲೆಯೂರಿದ್ದು ಥೆಸಲೋನಿಕದಲ್ಲಿ. ಅದಕ್ಕೂ ಮುಂಚೆ, 1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟ ಯೆಹೂದ್ಯರು ಅಲ್ಲಿಗೆ ತಮ್ಮ ಭಾಷೆಯನ್ನೂ ಅಡುಗೆಯನ್ನೂ ತಂದಿದ್ದರು. 1943ರಲ್ಲಿ ಅವರ ಪೈಕಿ 45,000ಕ್ಕೂ ಹೆಚ್ಚು ಜನರನ್ನು ನಾಜಿಗಳು ಔಶ್ವಿಟ್ಸ್ ಶಿಬಿರಕ್ಕೆ ಸಾಗಿಸಿದರು. ಬಹುಪಾಲು ಜನ ಮರಳಲಿಲ್ಲ. ಆ ನಗರದ ಮೊಡಿಯಾನೊ ಮಾರುಕಟ್ಟೆಗೆ ಇಂದಿಗೂ ಒಬ್ಬ ಯೆಹೂದ್ಯ ಮನೆತನದ ಹೆಸರಿದೆ. ತಿನ್ನುವವರಿಗೆ ಅದು ಬರೀ ಸಂತೆಯ ಹೆಸರು.

ಇಷ್ಟನ್ನು ಹೇಳಿ, “ಬಂದವರ ಒಲೆಯೇ ಊರಿನ ಒಲೆಯಾಗುವುದು, ತಮ್ಮಾ” ಎಂದೆ. ಅವನ ತಟ್ಟೆಯ ಆಲೂಗೆಡ್ಡೆ ಪಲ್ಯವೂ, ಚಟ್ನಿಯ ಮೆಣಸಿನಕಾಯಿಯೂ ಅಮೆರಿಕ ಖಂಡಗಳಿಂದ ಕಡಲು ದಾಟಿ ಬಂದವೆಂದು ಹೇಳುವಷ್ಟರಲ್ಲಿ ಅವನು ಮೂರನೆಯದಕ್ಕೆ ಹೇಳಿಯಾಗಿತ್ತು.

ಅಲ್ಲಿಂದ ನಡೆದು ಆಜಾದ್ ನಗರದ ಕಡೆಗೆ ಹೋದೆವು. ಮಂಡಕ್ಕಿ ಭಟ್ಟಿಗಳಿರುವುದು ಆ ಸುತ್ತಿನಲ್ಲಿ. ಭತ್ತವನ್ನು ನೆನೆಸಿ, ಕಾಯಿಸಿ, ಬಿಸಿಲಿಗೆ ಹರಡಿ ಒಣಗಿಸಿ, ಹೊಟ್ಟು ತೆಗೆದು, ಉಪ್ಪು ಬೆರೆಸಿ, ಕಾದ ಮರಳಿನಲ್ಲಿ ಹುರಿಯಬೇಕು. ಕ್ಷಣಮಾತ್ರದಲ್ಲಿ ಅಕ್ಕಿ ಅರಳುತ್ತದೆ. ಅರೆಕ್ಷಣ ತಡವಾದರೆ ಸೀಯುತ್ತದೆ. ಈ ಹದವನ್ನು ಬಲ್ಲವರು ಬಹುತೇಕ ಮುಸ್ಲಿಂ ಕುಟುಂಬಗಳು. ಗಂಡಸರು ಬೆಂಕಿಯ ಮುಂದೆ, ಹೆಂಗಸರು ಒಣಹಾಕುವ, ಜರಡಿ ಹಿಡಿಯುವ ಕೆಲಸದಲ್ಲಿ. ಸಂಜೆ ನಾವು ಖಾರ ಮಂಡಕ್ಕಿಗೆ ಮೆಣಸಿನಕಾಯಿ ಬೋಂಡಾ ನಂಜಿಕೊಂಡು ತಿನ್ನುವಾಗ, ದೋಸೆಯ ಹಿಟ್ಟಿಗೆ ಹಿಡಿ ಮಂಡಕ್ಕಿ ಬೀಳುವಾಗ, ಇವರ ನೆನಪು ಯಾರಿಗೂ ಬರುವುದಿಲ್ಲ. ಹೊಗೆಯ ಬಗ್ಗೆ ದೂರುಗಳು ಮಾತ್ರ ಬರುತ್ತವೆ. ದೂರು ಸುಳ್ಳಲ್ಲ. ಅಕ್ಕಪಕ್ಕದ ಮನೆಗಳ ಮಕ್ಕಳು ಕೆಮ್ಮುವುದು ನಿಜ. ಆದರೆ ಆ ಹೊಗೆಯನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ಕುಡಿಯುವವರು ಭಟ್ಟಿಯ ಮುಂದೆ ನಿಂತವರೇ. ಭಟ್ಟಿಗಳನ್ನು ದೂರ ಸಾಗಿಸಿರೆಂದು ಹೇಳುವುದು ಸುಲಭ. ಹೊಗೆ ಕಡಿಮೆ ಮಾಡುವ ಒಲೆಗೆ ಬೇಕಾದ ಹಣ ಯಾರದು ಎಂಬ ಪ್ರಶ್ನೆಯೇ ಕಷ್ಟದ್ದು. ಬೆಣ್ಣೆ ದೋಸೆಗೆ ಹಾಡಿಹೊಗಳುವ ನಮ್ಮ ನಾಲಿಗೆಗೆ ಈ ಪ್ರಶ್ನೆಯೂ ಸ್ವಲ್ಪ ಅಂಟಿಕೊಂಡಿರಬೇಕೆಂದು ನನಗನ್ನಿಸಿತು.

ಭಟ್ಟಿಯೊಂದರ ಬಾಗಿಲಲ್ಲಿ ಜರಡಿ ಹಿಡಿದು ಕುಳಿತಿದ್ದ ವಯಸ್ಸಾದ ತಾಯಿಯೊಬ್ಬರು ನಮ್ಮನ್ನು ಕಂಡು, ಬೊಗಸೆ ತುಂಬ ಬಿಸಿ ಮಂಡಕ್ಕಿ ನೀಡಿದರು. ದುಡ್ಡು ಕೊಡಲು ಹೋದರೆ ಕೈ ಅಡ್ಡ ಮಾಡಿದರು.

“ಯಾವ ಊರು ನಿಮ್ಮದು?”

“ಕತ್ತಲಗೆರೆ ಕಡೆಯಿಂದ ಬಂದೆವು, ಅಮ್ಮಾ.”

ಜರಡಿಯನ್ನು ನಿಲ್ಲಿಸಿ ಅವರು ಕೇಳಿದರು: “ಈ ಸಲ ನಾಲೆಗೆ ನೀರು ಬಿಟ್ಟರಾ? ನಿಮ್ಮಲ್ಲಿ ಭತ್ತ ಆದರೆ ತಾನೇ ನಮ್ಮ ಭಟ್ಟಿ ಉರಿಯೋದು.”