ತುಂಗಭದ್ರಾ ಯೋಜನೆಯಲ್ಲಿ ಅನಿಶ್ಚಯ ಮತ್ತು ನಿರ್ಣಯ

ಮಹಾಯೋಜನೆಗಳನ್ನು ಅವುಗಳ ಫಲದಿಂದಲೇ ಅಳೆಯುವುದು ವಾಡಿಕೆಯಾಗಿದೆ. ಫಲವು ಒಳ್ಳೆಯದಾದರೆ ನಿರ್ಣಯವೂ ಒಳ್ಳೆಯದಾಗಿದ್ದಿತೆಂಬ ಈ ಎಣಿಕೆ ಸಾಧುವಲ್ಲ. ನಿರ್ಣಯ ಮಾಡಿದವರಿಗೆ ಅಂದು ಏನು ತಿಳಿದಿದ್ದಿತು, ತಿಳಿಯದುದನ್ನು ತಿಳಿಯಲು ಅವರು ಏನು ಮಾಡಿದರು, ತಿಳಿಯಲಾಗದುದಕ್ಕೆ ಯಾವ ಏರ್ಪಾಡು ಮಾಡಿಕೊಂಡರು—ಈ ಮೂರು ಪ್ರಶ್ನೆಗಳನ್ನು ತುಂಗಭದ್ರಾ ಯೋಜನೆಗೆ ಹಾಕಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

ಬಳ್ಳಾರಿಯ ಗಾಂಧಿನಗರದಿಂದ ಸಿರುಗುಪ್ಪದತ್ತ ಹೊರಟವರಿಗೆ ಇಂದು ಭತ್ತದ ಗದ್ದೆಗಳು ಕಾಣುತ್ತವೆ. ಆದರೆ ಈ ಸೀಮೆಯು 1876-78ರ ಮಹಾಕ್ಷಾಮದಲ್ಲಿ ಅತ್ಯಂತ ನೊಂದ ಪ್ರದೇಶಗಳಲ್ಲೊಂದು. ತುಂಗಭದ್ರೆಯ ನೀರನ್ನು ಇಲ್ಲಿಗೆ ತರುವ ಯೋಚನೆಯು 1860ರ ಸುಮಾರಿಗೇ ಸರ್ ಆರ್ಥರ್ ಕಾಟನ್ನನಿಂದ ಹುಟ್ಟಿದ್ದಿತು. ಅದು ಕೈಗೂಡಲು ಎಂಟು ದಶಕಗಳಿಗೂ ಮೀರಿದ ಕಾಲ ಹಿಡಿಯಿತು. ತಡಮಾಡುವುದು ಅಪಾಯವನ್ನು ತಪ್ಪಿಸಿದಂತಲ್ಲ. ಅದನ್ನು ರೈತನ ಹೆಗಲಿಗೆ ದಾಟಿಸಿದಂತೆ ಎಂಬುದಕ್ಕೆ ಆ ಕ್ಷಾಮವೇ ಸಾಕ್ಷಿ.

ಮೊದಲನೆಯ ಅನಿಶ್ಚಯವು ಮಣ್ಣಿನದು. ನೀರು ಹಿಡಿದಿಡುವ ಕಪ್ಪು ಎರೆಭೂಮಿಯು ಕಾಲುವೆಯ ನೀರನ್ನು ತಾಳೀತೆ, ಜೌಗು ಹಿಡಿದು ಸವಳಾದೀತೆ ಎಂಬುದು ವಾದದಿಂದ ಬಗೆಹರಿಯುವ ಪ್ರಶ್ನೆಯಾಗಿರಲಿಲ್ಲ. ಆದಕಾರಣ ಮದರಾಸು ಸರಕಾರವು 1937ರಲ್ಲಿ ಸಿರುಗುಪ್ಪದಲ್ಲಿ ಸಂಶೋಧನಾ ಕೇಂದ್ರವೊಂದನ್ನು ತೆರೆಯಿತು. ಅಣೆಕಟ್ಟಿನ ಶಂಕುಸ್ಥಾಪನೆಯಾದುದು 1945ರ ಫೆಬ್ರವರಿ 28ರಂದು. ಕೋಟಿಗಟ್ಟಲೆ ಹಣ ಸುರಿಯುವ ಮುನ್ನ ಕೆಲವು ಎಕರೆಗಳಲ್ಲಿ ಪರೀಕ್ಷಿಸಿ ನೋಡಿದ ಈ ವಿವೇಕವು ಇಡೀ ಯೋಜನೆಯ ಅತ್ಯುತ್ತಮ ನಿರ್ಣಯವೆಂದರೆ ತಪ್ಪಾಗಲಾರದು.

ಎರಡನೆಯ ಅನಿಶ್ಚಯವು ನೀರಿನ ಹಂಚಿಕೆಯದು. ಮದರಾಸು, ಹೈದರಾಬಾದು ಸರಕಾರಗಳು ಸಮಗ್ರ ಇತ್ಯರ್ಥಕ್ಕೆ ಕಾಯದೆ, 1944ರ ಜೂನ್ ತಿಂಗಳಲ್ಲಿ ತಲಾ 65 ಟಿಎಂಸಿ ನೀರಿಗೆ ಭಾಗಶಃ ಒಪ್ಪಂದ ಮಾಡಿಕೊಂಡವು. ಎಲ್ಲವೂ ಬಗೆಹರಿಯುವ ತನಕ ಏನೂ ಬೇಡವೆನ್ನದೆ, ಬಗೆಹರಿದಷ್ಟರ ಮೇಲೆ ಕೆಲಸಕ್ಕೆ ತೊಡಗಿದುದು ಇಲ್ಲಿನ ವಿಶೇಷ. ಕ್ಷಾಮನಿವಾರಣೆಯ ದೃಷ್ಟಿಯಿಂದ ನೀರನ್ನು ವಿಶಾಲ ಪ್ರದೇಶಕ್ಕೆ ತೆಳ್ಳಗೆ ಹಂಚಿ, ಹೆಚ್ಚಾಗಿ ಜೋಳ, ಹತ್ತಿಯಂತಹ ಬೆಳೆಗಳಿಗೆ ಕೊಡುವ ಕ್ರಮವನ್ನೂ ಯೋಜಿಸಲಾಯಿತು. ಆದರೆ ಮೇಲ್ಭಾಗದ ರೈತರು ಭತ್ತಕ್ಕೆ ತಿರುಗಿದರು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಅಪರೂಪವಾಯಿತು. ಮಣ್ಣನ್ನು ಪರೀಕ್ಷಿಸಿದವರು ಮನುಷ್ಯನ ಆಸೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮೂರನೆಯದು ಕಾಲಕ್ರಮದಲ್ಲಿ ಬೆಳೆಯುವ ಅಪಾಯ. 1953ರಲ್ಲಿ ನೀರು ಕಾಲುವೆಗಿಳಿಯಿತು. ಸುಣ್ಣ-ಸುರ್ಕಿಯ ಗಾರೆಯಲ್ಲಿ ಕಟ್ಟಿದ ಕಲ್ಲಿನ ಒಡ್ಡು ಭದ್ರವಾಗಿ ನಿಂತಿತು. ಹೂಳಿನಿಂದ ಜಲಾಶಯದ ಸಾಮರ್ಥ್ಯವು ಸುಮಾರು 133 ಟಿಎಂಸಿಯಿಂದ 105ರ ಆಸುಪಾಸಿಗೆ ಇಳಿದುದು ಅಳೆದು ಕಂಡ ಸಂಗತಿ. ಕಬ್ಬಿಣದ ಸವಕಳಿ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೆಯ ಗೇಟು ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ತಡೆಗೇಟನ್ನು ಒಂದೇ ವಾರದಲ್ಲಿ ಕೂರಿಸಲಾಯಿತು. ಮುಂದೆ ಮಳೆ ಬಂದು ಜಲಾಶಯ ಮತ್ತೆ ತುಂಬಿತು.

ಈ ಅದೃಷ್ಟವನ್ನು ಮುಂದಾಲೋಚನೆಯೆಂದು ಭ್ರಮಿಸುವಂತಿಲ್ಲ. 2025ರಲ್ಲಿ ಸಂಗ್ರಹವನ್ನು ಸುಮಾರು 80 ಟಿಎಂಸಿಗೆ ಮಿತಿಗೊಳಿಸಿ, ಎರಡನೆಯ ಬೆಳೆಗೆ ನೀರು ಬಿಡದೆ, 33 ಗೇಟುಗಳನ್ನೂ ಬದಲಿಸಲು ನಿರ್ಧರಿಸಲಾಯಿತು. ಒಂದು ಬೆಳೆಯ ನಿಶ್ಚಿತ ನಷ್ಟವನ್ನು ಒಪ್ಪಿ, ಅನಿಶ್ಚಿತವಾದ ಮಹಾನಷ್ಟವನ್ನು ತಡೆಯುವ ಈ ಕ್ರಮವು 1937ರ ವಿವೇಕಕ್ಕೆ ಹತ್ತಿರವಾದುದು. ಆದರೆ ಆ ನಷ್ಟವನ್ನು ಹೊತ್ತವನು ಮತ್ತೆ ರೈತನೇ ಎಂಬುದನ್ನು ನಾವು ಮರೆಯಲಾಗದು. ಅಪಾಯವನ್ನು ಅಳೆಯುವುದರೊಂದಿಗೆ ಅದರ ಭಾರವನ್ನು ನ್ಯಾಯವಾಗಿ ಹಂಚುವುದೂ ಯೋಜಕರ ಕರ್ತವ್ಯವೆಂಬುದೇ ಈ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠ.