ಬೆಂಗಳೂರು ತೋರಿಸಿ ಅಂದ್ರೆ ನಾನು ಶಿರಾಕ್ಕೆ ಕರ್ಕೊಂಡ್ ಹೋಗ್ತೀನಿ

ಬೆಂಗಳೂರಿಗೆ ಹೊಸದಾಗಿ ಬಂದವರಿಗೆ ಊರು ತೋರಿಸೋ ಕೆಲಸ ಆಫೀಸಿನಲ್ಲಿ ಯಾವಾಗಲೂ ನನ್ನ ತಲೆಗೇ ಬೀಳುತ್ತೆ. ನಮ್ಮೂರು ಪುರವರ, ಮಧುಗಿರಿ ತಾಲೂಕಿನ ಒಂದು ಹೋಬಳಿ. ಆದರೂ ಪುಣೆ, ಕೊಚ್ಚಿ, ಲಖನೌ ಕಡೆಯಿಂದ ಬಂದವರ ಲೆಕ್ಕದಲ್ಲಿ ನಾನೇ ‘ಲೋಕಲ್’. ತೋರಿಸೋ ಪಟ್ಟಿ ನಿಮಗೂ ಬಾಯಿಪಾಠ ಇರುತ್ತೆ. ಬೆಳಿಗ್ಗೆ ಲಾಲ್‌ಬಾಗ್. ಅಲ್ಲಿಂದ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ದೋಸೆ, ಆಮೇಲೆ ದೊಡ್ಡ ಬಸವಣ್ಣ, ಮಧ್ಯಾಹ್ನ ಕೆ.ಆರ್. ಮಾರ್ಕೆಟ್ ಹತ್ತಿರದ ಟಿಪ್ಪು ಬೇಸಿಗೆ ಅರಮನೆ. ಒಂದು ದಿನ ಜಾಸ್ತಿ ಇದ್ರೆ ಶ್ರೀರಂಗಪಟ್ಟಣ.

ಈ ಪಟ್ಟಿಯಲ್ಲಿ ನನಗೇನೂ ತಕರಾರಿಲ್ಲ. ಆದರೆ ಇದರಲ್ಲಿ ಅರ್ಧದಷ್ಟು ಜಾಗಗಳ ಮೂಲಪ್ರತಿ ಇದ್ದದ್ದು ನಮ್ಮ ಕಡೆ, ಶಿರಾದಲ್ಲಿ. ಇದು ಊರಿನ ಅಭಿಮಾನದಿಂದ ಹೇಳ್ತಿರೋ ಮಾತಲ್ಲ. ಶಿರಾದ ನವಾಬ ದಿಲಾವರ್ ಖಾನನ ಅರಮನೆಯನ್ನ ನೋಡಿಯೇ ಬೆಂಗಳೂರಿನ ಮತ್ತು ಶ್ರೀರಂಗಪಟ್ಟಣದ ಅರಮನೆಗಳನ್ನ ಕಟ್ಟಿದ್ದು, ಅಲ್ಲಿನ ಖಾನ್ ಬಾಗ್ ಅನ್ನೋ ತೋಟವೇ ಲಾಲ್‌ಬಾಗಿಗೆ ಮಾದರಿ ಅನ್ನೋ ಮಾತು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನ ಕಾಲದಿಂದ ಬಂದಿದೆ. ಹೆದ್ದಾರಿಯಲ್ಲಿ ಚಿತ್ರದುರ್ಗಕ್ಕೋ ಹುಬ್ಬಳ್ಳಿಗೋ ಹೋಗುವಾಗ ಫ್ಲೈಓವರ್ ಮೇಲಿಂದ ದಾಟಿ ಹೋಗ್ತೀವಲ್ಲ, ಅದೇ ಶಿರಾ. ಒಂದು ಕಾಲಕ್ಕೆ ಈ ಸೀಮೆಯಲ್ಲಿ ‘ಪಟ್ಟಣಕ್ಕೆ ಹೋಗಿ ಬಂದೆ’ ಅಂದ್ರೆ ಅಲ್ಲಿಗೆ ಹೋಗಿ ಬಂದೆ ಅಂತ ಅರ್ಥ ಇದ್ದಿರಬೇಕು.

ಕೋಟೆ ಶುರು ಮಾಡಿದ್ದು ರತ್ನಗಿರಿಯ ಪಾಳೇಗಾರ ಕಸ್ತೂರಿ ರಂಗಪ್ಪ ನಾಯಕ. ಕೆಲಸ ಮುಗಿಯೋಕೆ ಮುಂಚೆಯೇ, 1638ರಲ್ಲಿ, ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಬಂದು ಅದನ್ನ ಹಿಡಿದ. ಅರ್ಧಶತಮಾನ ಕಳೆದು ಬಿಜಾಪುರವೇ ಔರಂಗಜೇಬನ ಪಾಲಾಯ್ತು. ಮೊಘಲರು ದಕ್ಷಿಣದಲ್ಲಿ ಹೊಸದೊಂದು ಸುಬಾ ಮಾಡಿ ಅದಕ್ಕೆ ಶಿರಾವನ್ನ ರಾಜಧಾನಿ ಮಾಡಿದರು. ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ, ಬೂದಿಹಾಳು, ಬಸವಾಪಟ್ಟಣ ಎಲ್ಲ ಅದರ ಕೆಳಗೆ. ಈಗ ನಾವು ಖಾತೆ, ಪಹಣಿ ಅಂತ ವಿಧಾನಸೌಧದ ಕಡೆ ನೋಡೋ ಹಾಗೆ, ಆಗ ಕೋಲಾರದವರೂ ಶಿರಾದ ಕಡೆ ನೋಡಬೇಕಿತ್ತು.

ಇದೇ ಸುಬಾದ ಮೊದಲ ಅಧಿಕಾರಿ ಖಾಸಿಂ ಖಾನ್. ಬೆಂಗಳೂರಿನ ಕಥೆಯೊಳಗೆ ಇವನ ಪಾತ್ರ ಎಷ್ಟು ಜನಕ್ಕೆ ಗೊತ್ತೋ ನಾ ಕಾಣೆ. 1687ರಲ್ಲಿ ಶಿವಾಜಿಯ ಮಲತಮ್ಮ ಏಕೋಜಿ ಬೆಂಗಳೂರನ್ನ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮಾರೋ ಮಾತುಕತೆಯಲ್ಲಿದ್ದ. ತಂಜಾವೂರಿನಲ್ಲಿ ಕೂತವನಿಗೆ ಇಷ್ಟು ದೂರದ ಊರು ಇಟ್ಕೊಂಡು ಏನಾಗಬೇಕಿತ್ತು? ವ್ಯವಹಾರ ಮುಗಿಯೋದರೊಳಗೆ ಖಾಸಿಂ ಖಾನ್ ಬಂದು ಬೆಂಗಳೂರು ಹಿಡಿದ, ಹಿಡಿದ ಕೆಲವೇ ದಿನಕ್ಕೆ ಅದೇ ಚಿಕ್ಕದೇವರಾಜರಿಗೆ ಬಿಟ್ಟುಕೊಟ್ಟ. ಬೆಲೆ ಮೂರು ಲಕ್ಷ ರೂಪಾಯಿ ಅಂತಾರೆ. ಮಾರಾಟ ಅಲ್ಲ, ಗುತ್ತಿಗೆ ಅನ್ನೋರೂ ಇದ್ದಾರೆ. ಏನೇ ಇರಲಿ, ಆಯ್ಕೆ ಮುಂದಿದ್ದಾಗ ಮೊಘಲರು ತಾವು ಇರೋಕೆ ಶಿರಾ ಇಟ್ಕೊಂಡು ಬೆಂಗಳೂರನ್ನ ಕೈಬಿಟ್ಟರು ಅನ್ನೋದು ಮಾತ್ರ ಖರೆ. ಖಾಸಿಂ ಖಾನನ ಕೊನೆ ಚೆನ್ನಾಗಿರಲಿಲ್ಲ. 1695ರಲ್ಲಿ ಮರಾಠರ ಸಂತಾಜಿ ಘೋರ್ಪಡೆ ಚಳ್ಳಕೆರೆ ಕಡೆಯ ದೊಡ್ಡೇರಿಯಲ್ಲಿ ಅವನನ್ನ ಸುತ್ತುವರಿದ. ಅವನು ವಿಷ ಕುಡಿದು ಸತ್ತ ಅಂತ ಹೇಳ್ತಾರೆ. (ನಮ್ಮ ಮಧುಗಿರಿ ತಾಲೂಕಿನಲ್ಲೂ ಒಂದು ದೊಡ್ಡೇರಿ ಇದೆ, ಗಲಿಬಿಲಿ ಮಾಡ್ಕೋಬೇಡಿ.)

ಊರು ನಿಜಕ್ಕೂ ಬೆಳೆದದ್ದು 18ನೇ ಶತಮಾನದ ಮಧ್ಯದವರೆಗೂ ಆಳಿದ ದಿಲಾವರ್ ಖಾನನ ಕಾಲದಲ್ಲಿ. ಆಗ ಶಿರಾದಲ್ಲಿ 50,000 ಮನೆಗಳಿದ್ದವು ಅಂತ ಹೇಳಿಕೆ. ಮನೆಗೆ ಐದು ಜನ ಅಂದ್ರೂ ಎರಡೂವರೆ ಲಕ್ಷ ಆಯ್ತು. ನಮ್ಮ ಕಡೆ ಮಳೆ ಗೊತ್ತಲ್ಲ, ಅಷ್ಟು ಜನಕ್ಕೆ ನೀರೆಲ್ಲಿಂದ ಬರಬೇಕು? ನಾನು ಅದರಲ್ಲಿ ಅರ್ಧ ನಂಬ್ತೀನಿ. ಅರ್ಧ ಅಂದ್ರೂ ಆ ಕಾಲಕ್ಕೆ ಭರ್ಜರಿ ನಗರವೇ.

ಇಲ್ಲೊಂದು ಸಣ್ಣ ತೊಡಕಿದೆ. ಹೈದರ್ ಅಲಿ ಲಾಲ್‌ಬಾಗ್ ಶುರು ಮಾಡಿದ್ದು 1760ರಲ್ಲಿ, ಶಿರಾ ಹಿಡಿದದ್ದು 1761ರಲ್ಲಿ. ಹಿಡಿಯೋಕೆ ಮುಂಚೆಯೇ ನಕಲು ಹೇಗೆ ಮಾಡಿದ ಅಂತ ನೀವು ಕೇಳಬಹುದು. ಹೈದರನಿಗೆ ಶಿರಾ ಹೊಸ ಊರಾಗಿರಲಿಲ್ಲ. ಅವನಪ್ಪ ಫತೇ ಮಹಮ್ಮದ್ ಶಿರಾದ ಸುಬೇದಾರ ದರ್ಗಾ ಕುಲಿ ಖಾನನ ಕೈಕೆಳಗೆ ಕೆಲಸಕ್ಕಿದ್ದವನು, ಯುದ್ಧದಲ್ಲಿ ಸತ್ತ. ಅಪ್ಪನ ಬಾಕಿ ತೀರಿಸಿ ಅಂತ ದರ್ಗಾ ಕುಲಿಯ ಮಗ ಅಬ್ಬಾಸ್ ಕುಲಿ ಖಾನ್ ದೊಡ್ಡಬಳ್ಳಾಪುರದಲ್ಲಿ ಮನೆಯೆಲ್ಲ ದೋಚಿ, ಸಾಲದ್ದಕ್ಕೆ ಪುಟ್ಟ ಹೈದರನನ್ನೂ ಅವನ ಅಣ್ಣನನ್ನೂ ನಗಾರಿಯೊಳಗೆ ಕೂಡಿಸಿ ಹಿಂಸೆ ಕೊಟ್ಟ ಅಂತ ವಿಲ್ಕ್ಸ್ ಬರೀತಾನೆ. ಶಿರಾ ಅಂದ್ರೆ ಆ ಹುಡುಗನಿಗೆ ಯಜಮಾನರ ಊರು. ದೊಡ್ಡವರ ತೋಟ, ದೊಡ್ಡವರ ಅರಮನೆ ಹೇಗಿರುತ್ತೆ ಅನ್ನೋ ಚಿತ್ರ ಅವನ ತಲೆಯಲ್ಲಿ ಕೂತದ್ದು ಇಲ್ಲಿಂದ ಇರಬೇಕು ಅಂತ ನನ್ನ ಊಹೆ. 1761ರಲ್ಲಿ ಅವನು ದೊಡ್ಡಬಳ್ಳಾಪುರಕ್ಕೆ ನುಗ್ಗಿದಾಗ ಅಬ್ಬಾಸ್ ಕುಲಿ ಹೆಂಡತಿ ಮಕ್ಕಳನ್ನೆಲ್ಲ ಬಿಟ್ಟು ಮದ್ರಾಸಿಗೆ ಓಡಿದ.

ಅದೇ ವರ್ಷ ಇನ್ನೊಂದು ತಮಾಷೆ. ನಿಜಾಮನ ತಮ್ಮ ಬಸಾಲತ್ ಜಂಗ್ ಹೊಸಕೋಟೆ ಮುತ್ತಿ ಅದು ಬಗ್ಗದೇ ಕೈಚೆಲ್ಲಿ ಕೂತಿದ್ದ. ಹೈದರ್ ಅವನಿಗೆ ದುಡ್ಡು ಕೊಟ್ಟು ‘ಶಿರಾದ ನವಾಬ’ ಅನ್ನೋ ಪದವಿ ತಗೊಂಡ. ಆಗ ಶಿರಾ ಇದ್ದದ್ದು ಮರಾಠರ ಕೈಯಲ್ಲಿ, ಅಂದ್ರೆ ಕೊಟ್ಟವನ ಹತ್ತಿರವೂ ಊರು ಇರಲಿಲ್ಲ, ತಗೊಂಡವನ ಹತ್ತಿರವೂ ಇರಲಿಲ್ಲ. ಬೆಲೆ? ಮತ್ತೆ ಮೂರು ಲಕ್ಷ. ಬೆಂಗಳೂರಿನ ಸೈಟು ವ್ಯವಹಾರ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಅನ್ನಿಸಲ್ಲ.

ಹೈದರ್ ಹಿಡಿದ ಶಿರಾವನ್ನ ಕೆಲವೇ ವರ್ಷದಲ್ಲಿ ಅವನ ಬಾಮೈದನೇ ಮರಾಠರಿಗೆ ಒಪ್ಪಿಸಿದ. 1774ರಲ್ಲಿ ಟಿಪ್ಪು ಅದನ್ನ ಮತ್ತೆ ಗೆದ್ದ. ಶಿರಾ ಅಷ್ಟು ಕೈ ಬದಲಾಯಿಸಿದರೂ ಊರಾಗಿ ಉಳಿದಿತ್ತು. ಅದನ್ನ ಮುಗಿಸಿದ್ದು ಯುದ್ಧ ಅನ್ನೋದಕ್ಕಿಂತ ಒಂದು ಸ್ಥಳಾಂತರ. ಟಿಪ್ಪು ಶ್ರೀರಂಗಪಟ್ಟಣದ ದ್ವೀಪದಲ್ಲಿ ಶಹರ್ ಗಂಜಾಂ ಅಂತ ಹೊಸ ಪೇಟೆ ಕಟ್ಟಿಸಿದ. ಅದನ್ನ ತುಂಬಿಸೋಕೆ ಶಿರಾದಿಂದ 12,000 ಕುಟುಂಬಗಳನ್ನ ಎಬ್ಬಿಸಿ ಕಳಿಸಿದ. ಮಗ್ಗ, ಅಂಗಡಿ, ತಕ್ಕಡಿ, ಸಾಲದ ಲೆಕ್ಕ, ಮುದುಕರು, ಮಕ್ಕಳು ಎಲ್ಲ ಕಟ್ಟಿಕೊಂಡು ಹೊರಡಬೇಕು. ಅವರಲ್ಲಿ ಒಬ್ಬರ ಹೆಸರೂ ನಮಗೆ ಸಿಗಲ್ಲ. ದಿಲಾವರ್ ಖಾನನ ಹೆಸರಿದೆ, ಅವನ ತೋಟದ ಹೆಸರಿದೆ, ಆ ತೋಟಕ್ಕೆ ನೀರು ಹಾಯಿಸಿದವನದ್ದಿಲ್ಲ. ಈಗ ಗಂಜಾಂ ಅಂದ್ರೆ ನಮಗೆ ನೆನಪಾಗೋದು ಅಂಜೂರ, ದರಿಯಾ ದೌಲತ್, ಗುಂಬಜ್. ಟೂರಿಸ್ಟ್ ಗಾಡಿಗಳು ನಿಲ್ಲೋ ಆ ಬೀದಿಗಳಲ್ಲಿ ಒಂದು ಇಡೀ ಶಿರಾ ಕರಗಿಹೋಗಿದೆ ಅಂತ ಯಾವ ಬೋರ್ಡಿನಲ್ಲೂ ನಾನು ಓದಿಲ್ಲ.

ಅಲ್ಲೂ ಅದು ನಿಲ್ಲಲಿಲ್ಲ. 1799ರಲ್ಲಿ ಟಿಪ್ಪು ಸತ್ತ, ರಾಜಧಾನಿ ಮೈಸೂರಿಗೆ ಹೋಯ್ತು. 1800ರಲ್ಲಿ ಬುಕಾನನ್ ಬಂದು ನೋಡೋ ಹೊತ್ತಿಗೆ ದ್ವೀಪದ ಜನಸಂಖ್ಯೆ ಸುಮಾರು 32,000ಕ್ಕೆ ಇಳಿದಿತ್ತು. ಟಿಪ್ಪು ಕಾಲದಲ್ಲಿ ಒಂದೂವರೆ ಲಕ್ಷ ಇದ್ದಿರಬೇಕು ಅಂತ ಅವನ ಅಂದಾಜು. ಇಂಗ್ಲಿಷರ ದಂಡಿಗೆ ಅಲ್ಲಿನ ಜ್ವರ ತಡೆಯೋಕಾಗದೆ 1809ರ ಹೊತ್ತಿಗೆ ಬೆಂಗಳೂರಿಗೆ ಬಂತು, ದಂಡು ಪ್ರದೇಶ ಆಯ್ತು. ದಂಡಿನ ಹಿಂದೆ ವ್ಯಾಪಾರ, ವ್ಯಾಪಾರದ ಹಿಂದೆ ಜನ. ಶಿರಾ, ಗಂಜಾಂ, ಬೆಂಗಳೂರು. ನಮ್ಮ ಪಟ್ಟಿಯ ಊರುಗಳನ್ನ ಉಲ್ಟಾ ಓದಿದರೆ ಇದೇ ದಾರಿ ಸಿಗುತ್ತೆ.

ಆದ್ದರಿಂದ ಕೊಚ್ಚಿಯ ಹುಡುಗರಿಗೆ ಈಗ ನನ್ನ ಸಲಹೆ ಹೀಗೆ. ಭಾನುವಾರ ಬೆಳಿಗ್ಗೆ ಆರಕ್ಕೆ ಬಿಡಿ. ತುಮಕೂರಿಗೆ ಮುಂಚೆ ಕ್ಯಾತ್ಸಂದ್ರದಲ್ಲಿ ನಿಲ್ಲಿಸಿ ತಟ್ಟೆ ಇಡ್ಲಿ ತಿನ್ನಿ, ಮೇಲೆ ಬೆಣ್ಣೆ ಹಾಕಿಸ್ಕೊಳ್ಳಿ, ಎರಡಕ್ಕಿಂತ ಜಾಸ್ತಿ ಬೇಡ. ಬೆಂಗಳೂರಿಂದ ಶಿರಾ ಸುಮಾರು 120 ಕಿ.ಮೀ. ಊರೊಳಗೆ ಮೊದಲು ಮಲಿಕ್ ರಿಹಾನ್ ದರ್ಗಾ ನೋಡಿ. ಬಿಜಾಪುರದ ಕಾಲದ ಅಧಿಕಾರಿ ಆತ, ಕಟ್ಟಡ 1651ರದ್ದು. ಆಮೇಲೆ 1696ರ ಜುಮ್ಮಾ ಮಸೀದಿ, ಕೆತ್ತಿದ ಕಲ್ಲಿನದ್ದು. ಎರಡೂ ಕಡೆ ಜನ ಈಗಲೂ ನಡ್ಕೊಳ್ಳೋ ಜಾಗಗಳು, ಚಪ್ಪಲಿ ಬಿಟ್ಟು ಒಳಗೆ ಹೋಗಿ, ರೀಲ್ಸ್ ಆಚೆ ಮಾಡ್ಕೊಳ್ಳಿ. ಕೋಟೆಯ ಕಂದಕ ನೋಡಿದರೆ ಊರಿನ ಅಳತೆ ಸ್ವಲ್ಪ ಅಂದಾಜಾಗುತ್ತೆ. ದಿಲಾವರ್ ಖಾನನ ಅರಮನೆ ಹುಡುಕಬೇಡಿ, ಅದಿಲ್ಲ. ಅದು ಹೇಗಿತ್ತು ಅಂತ ತಿಳಿಯೋಕೆ ವಾಪಸ್ ಬೆಂಗಳೂರಿಗೆ ಹೋಗಿ, 1791ರಲ್ಲಿ ಮುಗಿದ ಟಿಪ್ಪು ಅರಮನೆಯ ಮರದ ಕಂಬಗಳ ಮಧ್ಯೆ ನಿಂತುಕೊಳ್ಳಬೇಕು.

ಊಟಕ್ಕೆ ಶಿರಾದಲ್ಲಿ ಮಟನ್ ತಿನ್ನೋರು ತಿನ್ನಬಹುದು. ಕುರಿ, ಕಂಬಳಿ ಎರಡಕ್ಕೂ ಹೆಸರಾದ ಸೀಮೆ ಅದು. ಇಲ್ಲಾಂದ್ರೆ ಹಸಿವು ಕಟ್ಕೊಂಡು ಮಧುಗಿರಿ ಮೇಲೆ ನಮ್ಮನೆಗೆ ಬನ್ನಿ. ಮುದ್ದೆ, ಬಸ್ಸಾರು, ಹುಚ್ಚೆಳ್ಳು ಚಟ್ನಿ, ಡಿಸೆಂಬರ್ ಜನವರಿ ಆದ್ರೆ ಹಿತ್ಕಿದ ಬೇಳೆ ಸಾರು. ರಾಗಿಯ ಮೂಲ ಆಫ್ರಿಕಾ, ಪಾವಗಡದ ಕಡಲೆಕಾಯಿಯ ಮೂಲ ದಕ್ಷಿಣ ಅಮೆರಿಕ ಅಂತ ನಾನು ಶುರು ಮಾಡಿದರೆ ನಮ್ಮಮ್ಮ ‘ಸುಮ್ನೆ ಉಣ್ಣೋ’ ಅಂತಾರೆ. ದಾರಿಯಲ್ಲಿ ಮಧುಗಿರಿ ಬೆಟ್ಟ ಸಿಗುತ್ತೆ. ಬಿದನೂರಿನ ರಾಣಿ ವೀರಮ್ಮಾಜಿಯನ್ನ ಹೈದರ್ ಸೆರೆ ಇಟ್ಟಿದ್ದು ಈ ಕೋಟೆಯಲ್ಲೇ. 1767ರಲ್ಲಿ ಮರಾಠರು ಬಿಡಿಸಿ ಪುಣೆಗೆ ಕರ್ಕೊಂಡು ಹೊರಟರು, ಅವಳು ದಾರಿಯಲ್ಲೇ ತೀರಿಕೊಂಡಳು. ಬೆಟ್ಟ ಹತ್ತೋದಾದ್ರೆ ಅದಕ್ಕೇ ಬೇರೆ ದಿನ ಇಟ್ಕೊಳ್ಳಿ, ಉಂಡ ಮೇಲೆ ಮಾತ್ರ ಬೇಡ.

ಸ್ವಂತ ಗಾಡಿ ಇಲ್ಲದೆ ಬಂದಿದ್ರೆ ನಾಲ್ಕು ಗಂಟೆಗೆಲ್ಲ ಮಧುಗಿರಿ ಬಸ್ ಸ್ಟ್ಯಾಂಡಿಗೆ ಬಂದುಬಿಡಿ. ಭಾನುವಾರ ಸಂಜೆ ನಮ್ಮ ತಾಲೂಕಿನ ಹುಡುಗ ಹುಡುಗಿಯರೆಲ್ಲ ಬ್ಯಾಗು, ಹುಣಸೆಹಣ್ಣಿನ ಪೊಟ್ಟಣ, ರಾಗಿಹಿಟ್ಟಿನ ಚೀಲ ಹಿಡ್ಕೊಂಡು ನಿಂತಿರ್ತಾರೆ. ಕೊರಟಗೆರೆ ದಾಟೋದರೊಳಗೆ ನಿಲ್ಲೋಕೂ ಜಾಗ ಇರಲ್ಲ.